ಸೂಕ್ಷ್ಮಪಾಚಿಗೆ ಜೀನ್ ದಾಟಿಸುವುದು: ಮೈಕ್ರೋಫ್ಲೂಯಿಡಿಕ್ ಎಲೆಕ್ಟ್ರೋಪೊರೇಷನ್‌ಗೆ ಮಲೆನಾಡಿನ ಪ್ರಯೋಗಾಲಯದ ಮಾರ್ಗದರ್ಶಿ

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಶಿವಮೊಗ್ಗದ ಯಾವುದಾದರೂ ಕಾಲೇಜಿನಲ್ಲೋ ಓದುತ್ತ ಪಾಚಿಯ ಜೀನ್ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ, “ಎಷ್ಟು ವೋಲ್ಟ್ ಕೊಡಬೇಕು ಸರ್?” ಎಲೆಕ್ಟ್ರೋಪೊರೇಷನ್ ಎಂದರೆ ವಿದ್ಯುತ್ ಬಡಿತದಿಂದ ಕೋಶದ ಪೊರೆಯಲ್ಲಿ ರಂಧ್ರ ಮಾಡಿ ಡಿಎನ್‌ಎ ಒಳಗೆ ಬಿಡುವುದು; ಇಲ್ಲಿ ಅದನ್ನು ಅತಿ ಸಣ್ಣ ನಾಲೆಯಿರುವ ಮೈಕ್ರೋಫ್ಲೂಯಿಡಿಕ್ ಚಿಪ್ಪಿನಲ್ಲಿ ಮಾಡುತ್ತೇವೆ. ಉತ್ತರ ಸಿಗಬೇಕಾದರೆ ಬೇರೆ ಮೂರು ವಿಷಯ ಗೊತ್ತಿರಬೇಕು: ಕೋಶ ಎಷ್ಟು ದಪ್ಪ, ಅದರ ಸುತ್ತ ಗೋಡೆ ಇದೆಯೋ ಇಲ್ಲವೋ, ಅದು ತೇಲುತ್ತಿರುವ ನೀರಿನಲ್ಲಿ ಉಪ್ಪು ಎಷ್ಟಿದೆ. ಇಷ್ಟು ತಿಳಿದರೆ ವೋಲ್ಟೇಜನ್ನು ಕಾಗದದ ಮೇಲೆಯೇ ಲೆಕ್ಕ ಹಾಕಿಬಿಡಬಹುದು. ತಿಳಿಯದಿದ್ದರೆ ಎಂಥ ದುಬಾರಿ ಪಲ್ಸ್ ಯಂತ್ರ ತಂದಿಟ್ಟರೂ ತಟ್ಟೆಯಲ್ಲಿ ಕಾಲೊನಿ ಕಾಣುವುದಿಲ್ಲ. ಈ ಬರಹದಲ್ಲಿ ಚಿಪ್ ತಯಾರಿಗಿಂತ ಹೆಚ್ಚು ಜಾಗ ಲೆಕ್ಕಕ್ಕೂ ಕೋಶ ತೊಳೆಯುವುದಕ್ಕೂ ಹೋಗಿದೆ. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲಿಯೇ.

ಶುರುಮಾಡುವ ಮುನ್ನ ಅನುಮತಿ. ಪರಿಸರ ಸಂರಕ್ಷಣಾ ಕಾಯಿದೆ, 1986ರ ಅಡಿ ಬಂದ 1989ರ ನಿಯಮಗಳ ಪ್ರಕಾರ ಜೀನ್ ಬದಲಿಸಿದ ಯಾವ ಜೀವಿಯ ಕೆಲಸಕ್ಕೂ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಮುಂದೆ ಹೋಗಬೇಕು. ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಯಾವ ಪ್ರಯೋಗ ಯಾವ ವರ್ಗಕ್ಕೆ ಸೇರುತ್ತದೆ ಎಂಬುದಿದೆ. ಮನೆಯಲ್ಲಿ, ತೋಟದ ಶೆಡ್ಡಿನಲ್ಲಿ ಮಾಡುವ ಕೆಲಸ ಇದಲ್ಲ. ಮಲೆನಾಡಿನಲ್ಲಿ ಈ ಎಚ್ಚರ ಇನ್ನೂ ಸ್ವಲ್ಪ ಹೆಚ್ಚಿರಲಿ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಂಪೌಂಡ್ ಗೋಡೆಯೇ ಹಸಿರಾಗುತ್ತದೆ, ಸಿಂಕಿಗೆ ಚೆಲ್ಲಿದ್ದು ಚರಂಡಿಯಲ್ಲಿ ಬದುಕಿಕೊಳ್ಳುವ ಸಾಧ್ಯತೆ ಬಯಲುಸೀಮೆಗಿಂತ ಜಾಸ್ತಿ. ಕೋಶ ಮುಟ್ಟಿದ ದ್ರವ, ಟಿಪ್ಪು, ತಟ್ಟೆ, ಕೊನೆಗೆ ಬಳಸಿ ಮುಗಿದ ಚಿಪ್ಪು, ಎಲ್ಲವೂ 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಆಗಿಯೇ ಹೊರಗೆ ಹೋಗಬೇಕು.

ಯಾವ ಪಾಚಿ?

ಮೊದಲ ಸಲ ಮಾಡುವವರು ಕ್ಲಾಮಿಡೊಮೊನಾಸ್ ರೈನ್‌ಹಾರ್ಟಿಯೈ ಬಿಟ್ಟು ಬೇರೆ ಕಡೆ ನೋಡಬೇಡಿ. ಸುಮಾರು 10 ಮೈಕ್ರಾನ್ ಅಗಲದ, ಎರಡು ಕಶಾಂಗ ಬೀಸುತ್ತ ಈಜುವ ಹಸಿರು ಪಾಚಿ ಇದು. ಇದರ ಜೀನೋಮ್ 2007ರಲ್ಲಿ ಪ್ರಕಟವಾಗಿದೆ. ಜೀನ್ ಸೇರಿಸುವ ವಿಧಾನಗಳೂ ಮೊದಲು ಪಳಗಿದ್ದು ಇದರ ಮೇಲೆಯೇ: 1988ರಲ್ಲಿ ಜೀನ್ ಗನ್ನಿನಿಂದ ಹರಿತ್ತಿನ ಕಣಕ್ಕೆ, 1990ರಲ್ಲಿ ಗಾಜಿನ ಮಣಿ ಹಾಕಿ ಕುಲುಕಿ ಕೋಶಕೇಂದ್ರಕ್ಕೆ, ಆಮೇಲೆ ವಿದ್ಯುತ್ ಬಡಿತದಿಂದ. ಹನಿಗಳೊಳಗೆ ಕೋಶ ಹಿಡಿದು ಮೈಕ್ರೋಫ್ಲೂಯಿಡಿಕ್ ಚಿಪ್ಪಿನಲ್ಲಿ ಎಲೆಕ್ಟ್ರೋಪೊರೇಷನ್ ಮಾಡಿದ ಕೊರಿಯಾದ ಗುಂಪೊಂದು 2012ರಲ್ಲಿ ಫಲಿತಾಂಶ ಪ್ರಕಟಿಸಿದ್ದೂ ಇದೇ ಪಾಚಿಯಲ್ಲಿ. ತಳಿಗಳ ಮುಖ್ಯ ಭಂಡಾರ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕ್ಲಾಮಿಡೊಮೊನಾಸ್ ರಿಸೋರ್ಸ್ ಸೆಂಟರ್. ಅಲ್ಲಿಂದ ತರಿಸುವುದಾದರೆ ಕಾಗದಪತ್ರಕ್ಕೆ ಸಮಯ ಹಿಡಿಯುತ್ತದೆ, ಚಿಪ್ಪಿಗೂ ಮೊದಲೇ ಅರ್ಜಿ ಹಾಕಿಡಿ.

ತಳಿಯಲ್ಲಿ ಗೋಡೆ ಇಲ್ಲದ್ದನ್ನು ಆರಿಸಿ. ಸಿಡಬ್ಲ್ಯು15 ರೂಪಾಂತರ ಹೊತ್ತ ಸಿಸಿ-400 ಅಂಥದ್ದು. ಗೋಡೆಯಿರುವ ತಳಿಯೇ ಬೇಕೆಂದರೆ ಗ್ಯಾಮೀಟ್‌ಗಳು ಕೂಡುವಾಗ ಹೊರಬಿಡುವ ಆಟೋಲೈಸಿನ್ ಕಿಣ್ವದಲ್ಲಿ ಕೋಶಗಳನ್ನು ಅರ್ಧದಿಂದ ಒಂದು ಗಂಟೆ ಇಟ್ಟು ಗೋಡೆ ಕಳಚಬೇಕು. ಕಳಚಿತೋ ಇಲ್ಲವೋ ನೋಡುವುದು ಸುಲಭ. ಸ್ವಲ್ಪ ಕೋಶಕ್ಕೆ ಶೇ. 0.1ರಷ್ಟು ಟ್ರೈಟಾನ್ ಎಂಬ ಮಾರ್ಜಕ ಹಾಕಿ, ತಿರುಗಿಸಿ, ಕೆಳಗೆ ಕೂರಿಸಿ. ಬೆತ್ತಲಾದ ಕೋಶ ಒಡೆದು ಮೇಲಿನ ನೀರು ಹಸಿರಾಗುತ್ತದೆ. ನೀರು ತಿಳಿಯಾಗಿಯೇ ಉಳಿದು ಹಸಿರೆಲ್ಲ ತಳದಲ್ಲಿ ಕುಳಿತಿದ್ದರೆ ಗೋಡೆ ಹಾಗೇ ಇದೆ ಎಂದರ್ಥ. ಆ ಕೋಶಗಳನ್ನು ಚಿಪ್ಪಿನೊಳಗೆ ಬಿಡುವ ಶ್ರಮ ಬೇಡ.

“ನಮ್ಮ ತೋಟದ ಕೆರೆಯಲ್ಲೇ ಬೇಕಾದಷ್ಟು ಪಾಚಿ ಇದೆಯಲ್ಲ?” ಎನ್ನುವವರಿದ್ದಾರೆ. ಆಸೆ ಒಳ್ಳೆಯದೇ, ಆದರೆ ಅದು ಎರಡನೆಯ ವರ್ಷದ ಕೆಲಸ. ಕೆರೆಯ ಕ್ಲೋರೆಲ್ಲಾದ ಗೋಡೆ ಗಟ್ಟಿ, ಕೋಶ ಸಣ್ಣದು, ಜೊತೆಗೆ ಬ್ಯಾಕ್ಟೀರಿಯಾದ ಸಂಸಾರವೇ ಇರುತ್ತದೆ. ಯಾವ ಆಂಟಿಬಯೋಟಿಕ್‌ಗೆ ಅದು ಸಾಯುತ್ತದೆ ಎಂಬುದನ್ನೂ ನೀವೇ ಕಂಡುಕೊಳ್ಳಬೇಕು.

ವೋಲ್ಟೇಜಿನ ಲೆಕ್ಕ

ವಿದ್ಯುತ್ ಕ್ಷೇತ್ರದೊಳಗೆ ಗುಂಡನೆಯ ಕೋಶ ಬಂದಾಗ ಅದರ ಪೊರೆಯ ಮೇಲೆ, ಎಲೆಕ್ಟ್ರೋಡ್‌ಗಳಿಗೆ ಎದುರಾದ ಎರಡು ತುದಿಗಳಲ್ಲಿ, ಅತಿ ಹೆಚ್ಚು ವೋಲ್ಟೇಜ್ ಬೀಳುತ್ತದೆ. ಅದರ ಅಳತೆ: 1.5 × ಕ್ಷೇತ್ರ × ಕೋಶದ ತ್ರಿಜ್ಯ. ಇದು ಹೆಚ್ಚುಕಡಿಮೆ 0.2 ವೋಲ್ಟಿನಿಂದ 1 ವೋಲ್ಟಿನ ನಡುವೆ ಎಲ್ಲೋ ಮುಟ್ಟಿದಾಗ ಪೊರೆಯಲ್ಲಿ ರಂಧ್ರ ಬೀಳಲು ಶುರುವಾಗುತ್ತದೆ. ರಂಧ್ರ ಮತ್ತೆ ಮುಚ್ಚಿಕೊಂಡರೆ ಕೋಶ ಉಳಿಯಿತು, ಮುಚ್ಚದಿದ್ದರೆ ಸತ್ತಿತು. 10 ಮೈಕ್ರಾನ್ ಕೋಶಕ್ಕೆ ತ್ರಿಜ್ಯ 5 ಮೈಕ್ರಾನ್. ಪೊರೆಗೆ 1 ವೋಲ್ಟ್ ಬೀಳಬೇಕಾದರೆ ಸೆಂಟಿಮೀಟರಿಗೆ ಸುಮಾರು 1.3 ಕಿಲೋವೋಲ್ಟ್ ಕ್ಷೇತ್ರ ಬೇಕು. ಕೋಶ 4 ಮೈಕ್ರಾನಿನದಾದರೆ ಇದರ ಎರಡೂವರೆ ಪಟ್ಟು. ಕೆರೆಯ ಕ್ಲೋರೆಲ್ಲಾ ಏಕೆ ಕಾಡುತ್ತದೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಮಾಮೂಲಿ 2 ಮಿಲಿಮೀಟರ್ ಕ್ಯುವೆಟ್ಟಿನಲ್ಲಿ (ಎದುರುಬದುರು ಎರಡು ಎಲೆಕ್ಟ್ರೋಡ್ ಇರುವ ಸಣ್ಣ ಡಬ್ಬಿ, 2 ಮಿಲಿಮೀಟರ್ ಅವುಗಳ ನಡುವಿನ ಅಂತರ) ಸೆಂಟಿಮೀಟರಿಗೆ 2 ಕಿಲೋವೋಲ್ಟ್ ಬೇಕೆಂದರೆ 400 ವೋಲ್ಟ್ ಕೊಡಬೇಕು. ಒಳಗಿರುವ 200 ಮೈಕ್ರೋಲೀಟರ್ ದ್ರವದ ವಾಹಕತೆ ಸೆಂಟಿಮೀಟರಿಗೆ 1.5 ಮಿಲಿಸೀಮೆನ್ಸ್ ಎಂದಿಟ್ಟುಕೊಂಡರೆ ಆ ಕ್ಷಣಕ್ಕೆ ಹರಿಯುವ ಕರೆಂಟು 3 ಆಂಪಿಯರ್. ಉಪ್ಪು ಇನ್ನಷ್ಟಿದ್ದರೆ ಚಟ್ ಎಂದು ಕಿಡಿ ಹಾರಿ ಮಾದರಿ ಹೋಯಿತು.

ಚಿಪ್ಪಿನ ಉಪಾಯ ಬೇರೆ. ಅಡಿಕೆ ತೋಟದ ಬಸಿಗಾಲುವೆಯನ್ನು ಒಂದು ಕಡೆ ಕಿರಿದು ಮಾಡಿದರೆ ಅಷ್ಟೇ ಜಾಗದಲ್ಲಿ ನೀರು ಜೋರಾಗಿ ನುಗ್ಗುತ್ತದಲ್ಲ, ಹಾಗೆ ನಾಲೆಯನ್ನು ನಡುವೆ ಸಣ್ಣ ಮಾಡಿದರೆ ಹರಿವೂ ವಿದ್ಯುತ್ ಕ್ಷೇತ್ರವೂ ಅಲ್ಲೇ ತೀವ್ರವಾಗುತ್ತವೆ. ಕೋಶ ಆ ಇಕ್ಕಟ್ಟನ್ನು ದಾಟುವಷ್ಟು ಹೊತ್ತು ಮಾತ್ರ ಅದಕ್ಕೆ ಬಡಿತ. ಪಲ್ಸ್ ಯಂತ್ರ ಬೇಕಿಲ್ಲ, ಒಂದೇ ಸಮ ಡಿಸಿ ವೋಲ್ಟೇಜ್ ಸಾಕು.

ಒಂದು ವಿನ್ಯಾಸ ಹಿಡಿದು ಲೆಕ್ಕ ಹಾಕೋಣ. ನಾಲೆಯ ಎತ್ತರ ಎಲ್ಲ ಕಡೆ 40 ಮೈಕ್ರಾನ್. ಅಗಲದ ಭಾಗ 400 ಮೈಕ್ರಾನ್, ಎರಡೂ ಬದಿ ಎರಡೂವರೆ ಮಿಲಿಮೀಟರ್ ಉದ್ದ. ನಡುವಿನ ಇಕ್ಕಟ್ಟು 40 ಮೈಕ್ರಾನ್ ಅಗಲ, ಅರ್ಧ ಮಿಲಿಮೀಟರ್ ಉದ್ದ. ಉದ್ದವನ್ನು ಅಗಲದಿಂದ ಭಾಗಿಸಿ: ಇಕ್ಕಟ್ಟಿಗೆ 12.5, ಅಗಲದ ಎರಡು ಬದಿಗೆ ತಲಾ 6.25, ಕೂಡಿದರೆ ಅದೂ 12.5. ಎಂದರೆ ಕೊಟ್ಟ ವೋಲ್ಟೇಜಿನ ಅರ್ಧ ಇಕ್ಕಟ್ಟಿನಲ್ಲೇ ಬೀಳುತ್ತದೆ. 200 ವೋಲ್ಟ್ ಕೊಟ್ಟರೆ ಅರ್ಧ ಮಿಲಿಮೀಟರಿಗೆ 100 ವೋಲ್ಟ್, ಅಂದರೆ ಸೆಂಟಿಮೀಟರಿಗೆ 2 ಕಿಲೋವೋಲ್ಟ್. ಪೊರೆಯ ಮೇಲೆ 1.5 ವೋಲ್ಟ್. ಅಗಲದ ಭಾಗದಲ್ಲಿ ಕ್ಷೇತ್ರ ಇದರ ಹತ್ತರಲ್ಲೊಂದು, ಅಲ್ಲಿ ಕೋಶಕ್ಕೆ ಅಷ್ಟಾಗಿ ಏನೂ ಆಗುವುದಿಲ್ಲ.

ಈಗ ಸಮಯ. ಸಿರಿಂಜ್ ಪಂಪನ್ನು ನಿಮಿಷಕ್ಕೆ 10 ಮೈಕ್ರೋಲೀಟರಿಗೆ ಇಟ್ಟರೆ ಇಕ್ಕಟ್ಟಿನಲ್ಲಿ ಸರಾಸರಿ ವೇಗ ಸೆಕೆಂಡಿಗೆ ಸುಮಾರು 10 ಸೆಂಟಿಮೀಟರ್, ದಾಟಲು 5 ಮಿಲಿಸೆಕೆಂಡಿನೊಳಗೆ. “ಚಿಪ್ಪಿನಲ್ಲಿ ಎಲ್ಲ ಕೋಶಕ್ಕೂ ಒಂದೇ ಅಳತೆಯ ಬಡಿತ” ಎಂಬ ಮಾತು ಎಲ್ಲ ಕಡೆ ಕಾಣಸಿಗುತ್ತದೆ, ಅದನ್ನು ಪೂರ್ತಿ ನಂಬಬೇಡಿ. ನಾಲೆಯ ನಡುವೆ ಹೋಗುವ ಕೋಶ ಸರಾಸರಿಯ ಎರಡರಷ್ಟು ವೇಗದಲ್ಲಿ ಹೋಗುತ್ತದೆ, ಗೋಡೆ ಸವರಿಕೊಂಡು ಹೋಗುವುದು ನಿಧಾನ. ಕ್ಯುವೆಟ್ಟಿಗಿಂತ ಹತೋಟಿ ಹೆಚ್ಚು ಎಂದಷ್ಟೇ ಹೇಳಬಹುದು.

ಕೊನೆಯದು ಉಪ್ಪು. ವಾಹಕತೆ ಸೆಂಟಿಮೀಟರಿಗೆ 100 ಮೈಕ್ರೋಸೀಮೆನ್ಸ್ ಇದ್ದರೆ ಈ ನಾಲೆಯ ಒಟ್ಟು ರೋಧ ಸುಮಾರು 62 ಮೆಗಾಓಮ್, 200 ವೋಲ್ಟಿಗೆ ಕರೆಂಟು 3 ಮೈಕ್ರೋಆಂಪಿಯರ್ ಆಸುಪಾಸು. ಇಕ್ಕಟ್ಟು ದಾಟುವಷ್ಟರಲ್ಲಿ ದ್ರವ ಬಿಸಿಯಾಗುವುದು ಅರ್ಧ ಡಿಗ್ರಿ. ಅದೇ ವಾಹಕತೆ 1.5 ಮಿಲಿಸೀಮೆನ್ಸ್ ಆದರೆ ಬಿಸಿ 7 ಡಿಗ್ರಿ ಏರುತ್ತದೆ, ಕರೆಂಟು 15 ಪಟ್ಟು, ಎಲೆಕ್ಟ್ರೋಡಿನಲ್ಲಿ ಏಳುವ ಅನಿಲವೂ 15 ಪಟ್ಟು. ಕಡಿಮೆ ಕರೆಂಟಿನಲ್ಲಿ ಆ ಅನಿಲ ನೀರಿನಲ್ಲೇ ಕರಗಿಹೋಗುತ್ತದೆ. ಹೆಚ್ಚಾದರೆ ಗುಳ್ಳೆಯಾಗಿ ನಾಲೆಗೆ ಅಡ್ಡ ಕೂರುತ್ತದೆ.

ಚಿಪ್ಪು

ಎಸ್‌ಯು-8 ಅಚ್ಚು (ಬೆಳಕಿಗೆ ಗಟ್ಟಿಯಾಗುವ ರಾಳದಲ್ಲಿ ನಾಲೆಯ ಆಕಾರ ಮೂಡಿಸಿದ್ದು) ನಮ್ಮ ಜಿಲ್ಲೆಯಲ್ಲಿ ಮಾಡಿಸುವುದು ಕಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಹೊರಗಿನ ಸಂಶೋಧಕರಿಗೆ ಅವಕಾಶ ಕೊಡುವ ಐಎನ್‌ಯುಪಿ ಕಾರ್ಯಕ್ರಮವಿದೆ, ಅಲ್ಲಿ ಅರ್ಜಿ ಹಾಕಿ. ಅಚ್ಚು ಒಮ್ಮೆ ಕೈಗೆ ಬಂದರೆ ಮುಂದಿನದೆಲ್ಲ ಇಲ್ಲೇ ಆಗುತ್ತದೆ. ಪಿಡಿಎಂಎಸ್ ಎಂಬ ಪಾರದರ್ಶಕ ಸಿಲಿಕೋನ್ ರಬ್ಬರಿನ ಮೂಲವಸ್ತು 10 ಭಾಗಕ್ಕೆ ಗಟ್ಟಿಮಾಡುವ ದ್ರವ 1 ಭಾಗ ಕಲಸಿ, ನಿರ್ವಾತದಲ್ಲಿ ಗುಳ್ಳೆ ತೆಗೆದು, ಅಚ್ಚಿನ ಮೇಲೆ ಸುಮಾರು 5 ಮಿಲಿಮೀಟರ್ ದಪ್ಪಕ್ಕೆ ಸುರಿದು, 70 ಡಿಗ್ರಿಯಲ್ಲಿ ಎರಡು ಗಂಟೆ ಇಡಿ. ಒಳಬಾಗಿಲಿಗೆ ಸೂಜಿ ಬಿಗಿಯಾಗಿ ಕೂರುವಷ್ಟು ತೂತು, ಹೊರಬಾಗಿಲಿಗೆ 6 ಮಿಲಿಮೀಟರಿನ ದೊಡ್ಡ ತೂತು; ಅದೇ ಬಾವಿ. ವಿನ್ಯಾಸ ಬರೆಯುವಾಗಲೇ ಒಳಬಾಗಿಲಿನ ಬಳಿ 25 ಮೈಕ್ರಾನ್ ಸಂದಿಯ ಸಣ್ಣ ಕಂಬಗಳ ಸಾಲು ಹಾಕಿಕೊಂಡರೆ ಕೋಶದ ಗುಪ್ಪೆಗಳು ಇಕ್ಕಟ್ಟಿಗೆ ಬಂದು ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ಮಳೆಗಾಲದಲ್ಲಿ ಗಾಜಿಗೂ ಪಿಡಿಎಂಎಸ್‌ಗೂ ಪ್ಲಾಸ್ಮಾ (ವಿದ್ಯುದಾವೇಶದ ಅನಿಲ) ತಾಗಿಸಿ ಮಾಡುವ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ ಎಂಬ ದೂರು ಸಾಮಾನ್ಯ. ಗಾಜಿನ ಮೇಲೆ ಕಣ್ಣಿಗೆ ಕಾಣದ ತೇವ ಕುಳಿತಿರುತ್ತದೆ. ಪ್ಲಾಸ್ಮಾಕ್ಕೆ ಮುನ್ನ ಗಾಜನ್ನು ಹಾಟ್‌ಪ್ಲೇಟ್ ಮೇಲೆ 110 ಡಿಗ್ರಿಯಲ್ಲಿ ಐದು ಹತ್ತು ನಿಮಿಷ ಇಟ್ಟು ತಣಿಸಿ. ಪ್ಲಾಸ್ಮಾದಿಂದ ತೆಗೆದ ಕೂಡಲೇ ಒತ್ತಿ ಅಂಟಿಸಿ, ಮಾತಾಡುತ್ತ ನಿಲ್ಲಬೇಡಿ. ಅಂಟಿದ ಮೇಲೆ ಶೇ. 70ರ ಎಥನಾಲ್ ಹಾಯಿಸಿ, ಅದರ ಹಿಂದೆಯೇ ಬಫರ್ ಹಾಯಿಸಿದರೆ ಮೂಲೆಯ ಗಾಳಿಯೆಲ್ಲ ಹೊರಗೆ ಹೋಗುತ್ತದೆ.

ಕೋಶ ಬೆಳೆಸುವುದು, ತೊಳೆಯುವುದು

ಟ್ರಿಸ್, ಅಸಿಟೇಟ್, ಫಾಸ್ಫೇಟ್ ಇರುವ ಟಿಎಪಿ ಮಾಧ್ಯಮದಲ್ಲಿ, 25 ಡಿಗ್ರಿಯ ಸುಮಾರಿಗೆ, ಬಿಳಿ ಎಲ್‌ಇಡಿ ಟ್ಯೂಬಿನ ಕೆಳಗೆ, ಶೇಕರ್ ಮೇಲೆ ಬೆಳೆಸಿ. ಮಲೆನಾಡಿನ ಹವೆ ಈ ಪಾಚಿಗೆ ಒಗ್ಗುತ್ತದೆ, ಬೇಸಿಗೆಯ ಎರಡು ತಿಂಗಳು ಬಿಟ್ಟರೆ ಎಸಿ ಬೇಕಾಗುವುದು ಕಡಿಮೆ. ಕರೆಂಟ್ ಹೋದಾಗ ಶೇಕರ್ ನಿಂತು ಕೋಶ ತಳ ಸೇರುತ್ತದೆ, ಹಾಗಾಗಿ ಶೇಕರ್ ಮತ್ತು ದೀಪ ಎರಡನ್ನೂ ಯುಪಿಎಸ್‌ಗೆ ಕೊಡಿ.

ಮಿಲಿಲೀಟರಿಗೆ 10ರಿಂದ 30 ಲಕ್ಷ ಕೋಶ ಇರುವಾಗ, ಇನ್ನೂ ಚುರುಕಾಗಿ ವಿಭಜನೆ ಆಗುತ್ತಿರುವಾಗ, ತೆಗೆಯಬೇಕು. ದಟ್ಟ ಹಸಿರಾದ ಮೇಲೆ ತೆಗೆದರೆ ಪಸೆ ಜಾಸ್ತಿ, ಕೋಶ ಮುದ್ದೆಗಟ್ಟುತ್ತದೆ. ಎಣಿಸುವಾಗ ಒಂದು ಹನಿ ಅಯೋಡಿನ್ ಹಾಕಿ, ಇಲ್ಲದಿದ್ದರೆ ಹಿಮೋಸೈಟೋಮೀಟರಿನ ಚೌಕದಿಂದ ಚೌಕಕ್ಕೆ ಈಜುತ್ತ ಎಣಿಸುವವರ ತಾಳ್ಮೆ ಪರೀಕ್ಷಿಸುತ್ತವೆ.

ಸೆಂಟ್ರಿಫ್ಯೂಜ್ 800ರಿಂದ 1000 ಜಿ, 5 ನಿಮಿಷ, ಅದಕ್ಕಿಂತ ಜೋರು ಬೇಡ. ನಿಂತ ಕೂಡಲೇ ಮೇಲಿನ ನೀರು ಬಗ್ಗಿಸಿ. ಫೋನ್ ಬಂತೆಂದು ಹೊರಗೆ ಹೋಗಿಬಂದರೆ ತಳದ ಹಸಿರು ಗುಂಡಿಯಿಂದ ಹೊಗೆಯಂತೆ ಎಳೆ ಎದ್ದು ಕೋಶಗಳು ಮತ್ತೆ ಮೇಲಕ್ಕೆ ಈಜುತ್ತಿರುವುದು ಕಾಣುತ್ತದೆ. ನೀರು ಬಗ್ಗಿಸಿದರೆ ಅರ್ಧ ಅದರೊಂದಿಗೇ ಹೋಗುತ್ತದೆ. ಸ್ವಲ್ಪವೇ ಸ್ವಲ್ಪ ಟ್ವೀನ್-20 ಎಂಬ ಸೌಮ್ಯ ಮಾರ್ಜಕ, ಶೇ. 0.005, ಹಾಕಿದರೆ ಗುಂಡಿ ಗಟ್ಟಿಯಾಗಿ ಕೂರುತ್ತದೆ. ಮುಂದಿನ ತೊಳೆತದಲ್ಲಿ ಅದು ಹೋಗಿಬಿಡುತ್ತದೆ.

ತೊಳೆಯುವ ಬಫರ್ ಹೀಗಿರಲಿ: 60 ಮಿಲಿಮೋಲಾರ್ ಸುಕ್ರೋಸ್, 1 ಮಿಲಿಮೋಲಾರ್ ಹೆಪಿಸ್ (ಪಿಎಚ್ ಏರಿಳಿಯದಂತೆ ಹಿಡಿದಿಡುವ ವಸ್ತು), ಪಿಎಚ್ 7ರ ಸುಮಾರು. ಕ್ಯುವೆಟ್ಟಿನ ಹಳೆಯ ವಿಧಾನದಲ್ಲಿ ಟಿಎಪಿಗೇ 40 ಮಿಲಿಮೋಲಾರ್ ಸುಕ್ರೋಸ್ ಸೇರಿಸುತ್ತಾರೆ. ಇಲ್ಲಿ ಉಪ್ಪು ತೆಗೆದುಹಾಕಿರುವುದರಿಂದ ಕೋಶ ನೀರು ಕುಡಿದು ಉಬ್ಬದಂತೆ ಸಕ್ಕರೆ ತುಸು ಹೆಚ್ಚು ಬೇಕು. ಹೆಪಿಸ್ ಬಿಟ್ಟು ಬರೀ ಸಕ್ಕರೆ ನೀರು ಬಳಸುವ ಆಸೆಯಾಗುತ್ತದೆ, ವಾಹಕತೆ ಇನ್ನೂ ಇಳಿಯುತ್ತದಲ್ಲ ಎಂದು. ಬೇಡ. 3 ಮೈಕ್ರೋಆಂಪಿಯರ್ ಕೂಡ ಹತ್ತು ನಿಮಿಷ ಹರಿದರೆ ಬಾವಿಯಲ್ಲಿರುವ 100 ಮೈಕ್ರೋಲೀಟರನ್ನು ಪಿಎಚ್ 4ರ ಹತ್ತಿರ ಇಳಿಸುವಷ್ಟು ಆಮ್ಲ ಹುಟ್ಟುತ್ತದೆ. ತಡೆಯಲು ಏನಾದರೂ ಇರಬೇಕು.

ಈ ಬಫರಿನಲ್ಲಿ ಎರಡು ಸಲ ತೊಳೆದು, ಮಿಲಿಲೀಟರಿಗೆ 10 ಕೋಟಿ ಕೋಶ ಬರುವಂತೆ ಕಲಸಿ. 20 ಲಕ್ಷದ ಸಾಂದ್ರತೆಯ 100 ಮಿಲಿಲೀಟರ್ ಕಲ್ಚರನ್ನು 2 ಮಿಲಿಲೀಟರಿಗೆ ಇಳಿಸಿದರೆ ಸರಿಯಾಗಿ ಅಷ್ಟೇ. ನೀರು ಡಬಲ್ ಡಿಸ್ಟಿಲ್ಡ್ ಆಗಿರಲಿ, ಇನ್ವರ್ಟರಿಗೆ ಹಾಕುವ ಬ್ಯಾಟರಿ ವಾಟರ್ ಬೇಡ. ವಾಹಕತೆ ಮೀಟರ್ ಇಲ್ಲದವರು ನೀರು ನೋಡುವ ಟಿಡಿಎಸ್ ಪೆನ್ ಬಳಸಬಹುದು. ಹೆಚ್ಚಿನ ಪೆನ್ನುಗಳು ವಾಹಕತೆಯ ಅರ್ಧವನ್ನು ಪಿಪಿಎಂ ಎಂದು ತೋರಿಸುತ್ತವೆ, ಎಂದರೆ 50 ಪಿಪಿಎಂ ಕಂಡರೆ ಸುಮಾರು 100 ಮೈಕ್ರೋಸೀಮೆನ್ಸ್. ಅದಕ್ಕಿಂತ ಮೇಲಿದ್ದರೆ ಮೂರನೆಯ ತೊಳೆತ. ಈ ಬಫರಿನಲ್ಲಿ ಕೋಶವನ್ನು ಒಂದು ಗಂಟೆಗಿಂತ ಹೆಚ್ಚು ಕಾಯಿಸಬೇಡಿ.

ಡಿಎನ್‌ಎ ಬಗ್ಗೆ ಎರಡು ಮಾತು. ಜೀನ್ ಹೊತ್ತ ಡಿಎನ್‌ಎ ಉಂಗುರವಾದ ಪ್ಲಾಸ್ಮಿಡ್ಡನ್ನು ಕತ್ತರಿಸಿ ನೇರ ಎಳೆ ಮಾಡಿಕೊಳ್ಳಿ. ಕತ್ತರಿಸಿದ ಮೇಲೆ ಕಾಲಮ್ಮಿನಲ್ಲಿ ಶುದ್ಧಮಾಡಿ ಬರೀ ನೀರಿನಲ್ಲಿ ಇಳಿಸಿ, ಏಕೆಂದರೆ ಕಿಣ್ವದ ಬಫರಿನ ಉಪ್ಪು ಅಷ್ಟೂ ತೊಳೆತವನ್ನು ನೀರಲ್ಲಿ ಹೋಮ ಮಾಡುತ್ತದೆ. 100 ಮೈಕ್ರೋಲೀಟರ್ ಕೋಶಕ್ಕೆ ಅರ್ಧದಿಂದ ಒಂದು ಮೈಕ್ರೋಗ್ರಾಂ ಸಾಕು. ಜಾಸ್ತಿ ಸುರಿದರೆ ಒಂದೇ ಕೋಶದಲ್ಲಿ ನಾಲ್ಕಾರು ಕಡೆ ಸೇರಿಕೊಂಡು ಮುಂದೆ ಫಲಿತಾಂಶ ಬಿಡಿಸಿ ಹೇಳುವುದು ಕಷ್ಟವಾಗುತ್ತದೆ. ಜೀನ್ ಸೇರಿದ ಕೋಶವನ್ನಷ್ಟೇ ಉಳಿಸಿ ಆರಿಸುವ ಗುರುತಿಗೆ ಪ್ಯಾರೊಮೊಮೈಸಿನ್ ಎಂಬ ಆಂಟಿಬಯೋಟಿಕ್ ತಡೆಯುವ ಎಪಿಎಚ್-8 ಒಳ್ಳೆಯ ಆರಂಭ. ಹೈಗ್ರೊಮೈಸಿನ್ ತಡೆಯುವುದೂ ಆಗುತ್ತದೆ. ಜಿಯೋಸಿನ್ ತಡೆಯುವ ಬ್ಲೆ ಜೀನ್ ಕೂಡ ಇದೆ. ಅದು ಬಂದದ್ದು ಸ್ಟ್ರೆಪ್ಟೊಅಲ್ಲೊಟೈಕಸ್ ಹಿಂದುಸ್ತಾನಸ್ ಎಂಬ ಬ್ಯಾಕ್ಟೀರಿಯಾದಿಂದ, ಹೆಸರಿನಲ್ಲೇ ಊರು ಗೊತ್ತಾಗುತ್ತದೆ. ಆದರೆ ಜಿಯೋಸಿನ್ ಬೆಳಕಿಗೆ, ಉಪ್ಪಿಗೆ ಕೆಡುತ್ತದೆ, ಹೊಸಬರಿಗೆ ಬೇಡ.

ತಂತಿ ಜೋಡಣೆ

200, 300 ವೋಲ್ಟ್ ಡಿಸಿ ಎಂದರೆ ಆಟವಲ್ಲ. ಕರೆಂಟ್ ಮಿತಿ ಹಾಕಬಹುದಾದ ಬೆಂಚ್ ಸಪ್ಲೈ ತೆಗೆದುಕೊಂಡು ಮಿತಿಯನ್ನು ಅತಿ ಕಡಿಮೆಗೆ ಇಡಿ. ಸರಣಿಯಲ್ಲಿ 1 ಮೆಗಾಓಮ್ ರೆಸಿಸ್ಟರ್ ಹಾಕಿ. ಚಿಪ್ಪಿನ ರೋಧ 62 ಮೆಗಾಓಮ್ ಆದ್ದರಿಂದ ಇದರಿಂದ ವೋಲ್ಟೇಜಿಗೆ ನಷ್ಟವಿಲ್ಲ. ಚಿಪ್ಪಿನೊಳಗೆ ಶಾರ್ಟ್ ಆದರೂ 300 ವೋಲ್ಟಿಗೆ ಹರಿಯುವುದು ಮಿಲಿಆಂಪಿಯರಿನ ಮೂರರಲ್ಲೊಂದು ಭಾಗಕ್ಕಿಂತ ಕಡಿಮೆ.

ಒಳಬಾಗಿಲಿನ ಸ್ಟೀಲ್ ಸೂಜಿಯನ್ನೇ ಒಂದು ಎಲೆಕ್ಟ್ರೋಡ್ ಮಾಡಿಕೊಳ್ಳಿ, ಅದು ನೆಗೆಟಿವ್ ಹಾಗೂ ಗ್ರೌಂಡ್ ಬದಿಗಿರಲಿ. ಹೀಗೆ ಮಾಡಿದರೆ ಸಿರಿಂಜ್ ಪಂಪಿನ ಲೋಹಕ್ಕೆ ಹೈ ವೋಲ್ಟೇಜ್ ತಗುಲುವುದಿಲ್ಲ, ಸ್ಟೀಲಿನಿಂದ ಕಬ್ಬಿಣ ಕರಗಿ ಬರುವುದೂ ಇಲ್ಲ. ಪಾಸಿಟಿವ್ ಬದಿಗೆ ಪ್ಲಾಟಿನಂ ತಂತಿ, ಬಾವಿಯ ಅಂಚಿನಲ್ಲಿ. ರೆಸಿಸ್ಟರ್ ಇರಬೇಕಾದ್ದು ಸೂಜಿಗೂ ಗ್ರೌಂಡಿಗೂ ನಡುವೆ. ಅದರ ಎರಡು ಕಾಲಿಗೆ ಸಾಮಾನ್ಯ ಮಲ್ಟಿಮೀಟರ್ ಹಚ್ಚಿದರೆ ಹರಿಯುವ ಕರೆಂಟು ಕಣ್ಣೆದುರೇ ಕಾಣುತ್ತದೆ: 3 ಮೈಕ್ರೋಆಂಪಿಯರಿಗೆ 3 ವೋಲ್ಟ್. ಮೀಟರಿನ ಒಳರೋಧ 10 ಮೆಗಾಓಮ್ ಇರುವುದರಿಂದ ಸೇಕಡಾ ಹತ್ತರಷ್ಟು ಕಡಿಮೆ ತೋರಿಸುತ್ತದೆ, ಅದೇನೂ ತೊಂದರೆಯಿಲ್ಲ. ನಿಮಗೆ ಬೇಕಾದ್ದು ಅದರ ಏರಿಳಿತ. ಓದುವಿಕೆ ಮೆಲ್ಲಗೆ ಇಳಿಯುತ್ತ ಹೋದರೆ ಇಕ್ಕಟ್ಟಿನಲ್ಲಿ ಕೋಶ ಕಟ್ಟಿಕೊಳ್ಳುತ್ತಿದೆ. ಒಮ್ಮೆಲೇ ಸೊನ್ನೆಯಾದರೆ ಗುಳ್ಳೆ. ಏರುತ್ತ ಹೋದರೆ ಕೋಶಗಳು ಒಡೆದು ಒಳಗಿನ ಉಪ್ಪು ಹೊರಬರುತ್ತಿದೆಯೇ ಎಂದು ನೋಡಿ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂರುವುದಕ್ಕಿಂತ ಈ ಮೀಟರ್ ಬೇಗ ಸುದ್ದಿ ಕೊಡುತ್ತದೆ.

ಓಡಿಸುವುದು

ಕೋಶ ಮತ್ತು ಡಿಎನ್‌ಎ ಕಲಸಿ (ಮೊದಲ ಸುತ್ತಿನಲ್ಲಿ ಬರೀ ಕೋಶ), 20 ಮೈಕ್ರಾನ್ ಜಾಲರಿಯಲ್ಲಿ ಸೋಸಿ, 1 ಮಿಲಿಲೀಟರ್ ಸಿರಿಂಜಿಗೆ ತುಂಬಿ. ಸಿರಿಂಜಿಗೆ ಅಲ್ಯೂಮಿನಿಯಂ ಹಾಳೆ ಸುತ್ತುವುದನ್ನು ಮರೆಯಬೇಡಿ. ಈ ಪಾಚಿ ಬೆಳಕನ್ನು ಹುಡುಕಿಕೊಂಡು ಹೋಗುತ್ತದೆ. ಕಿಟಕಿಯ ಕಡೆ ಮುಖ ಮಾಡಿದ ಸಿರಿಂಜಿನಲ್ಲಿ ಸ್ವಲ್ಪ ಹೊತ್ತಿನಲ್ಲೇ ಒಂದು ಬದಿಗೆ ಹಸಿರು ಪಟ್ಟೆ ಕಟ್ಟಿ ಇನ್ನೊಂದು ಬದಿ ತಿಳಿಯಾಗುತ್ತದೆ. ಆಗ ಮೊದಲ ಐದು ನಿಮಿಷ ಬರೀ ನೀರು, ಆಮೇಲೆ ಗಂಜಿಯಂಥ ಕೋಶ ಹೊರಬಂದು ನಾಲೆ ಕಟ್ಟುತ್ತದೆ. ಹಾಳೆ ಸುತ್ತಿದ ಮೇಲೂ ಆಗಾಗ ಸಿರಿಂಜನ್ನು ತಿರುಗಿಸುತ್ತಿರಿ.

ಮೊದಲು ವೋಲ್ಟೇಜ್ ಇಲ್ಲದೆ ಹರಿವು ಸ್ಥಿರವಾಗಲಿ. ಬಾವಿಗೆ ಸ್ವಲ್ಪ ಅದೇ ಬಫರ್ ಹಾಕಿ ಪ್ಲಾಟಿನಂ ಮುಳುಗಿರುವಂತೆ ನೋಡಿಕೊಳ್ಳಿ. ಆಮೇಲೆ 100 ವೋಲ್ಟಿನಿಂದ ಶುರುಮಾಡಿ, 50ರಂತೆ ಏರಿಸುತ್ತ 300ರವರೆಗೆ ಬೇರೆ ಬೇರೆ ಮಾದರಿ ತೆಗೆಯಿರಿ. ಈ ಮೊದಲ ಸುತ್ತಿನಲ್ಲಿ ಡಿಎನ್‌ಎ ಬೇಡವೇ ಬೇಡ, ಅದರ ಬದಲು ಸೈಟಾಕ್ಸ್ ಗ್ರೀನ್ ಬಣ್ಣ ಹಾಕಿ. ಪೊರೆ ಗಟ್ಟಿಯಿರುವ ಕೋಶದೊಳಗೆ ಅದು ಹೋಗುವುದಿಲ್ಲ. ಹರಿತ್ತು ಕೆಂಪಾಗಿ ಹೊಳೆಯುವ ಕೋಶದ ನಡುವೆ ಹಸಿರು ಚುಕ್ಕೆ ಕಂಡರೆ ರಂಧ್ರ ಬಿದ್ದಿತ್ತು ಎಂದರ್ಥ. ಇನ್ನೊಂದು ಪಾಲಿಗೆ ಬಣ್ಣವನ್ನು ಒಂದು ಗಂಟೆ ಕಳೆದ ಮೇಲೆ ಹಾಕಿ. ಆಗಲೂ ಹಸಿರಾಗುವ ಕೋಶಗಳು ರಂಧ್ರ ಮುಚ್ಚಿಕೊಳ್ಳದೆ ಸತ್ತವು. ಮೊದಲನೆಯ ಎಣಿಕೆ ಹೆಚ್ಚಿದ್ದು ಎರಡನೆಯದು ಕಡಿಮೆ ಇರುವ ವೋಲ್ಟೇಜೇ ನಿಮ್ಮ ಚಿಪ್ಪಿಗೆ, ನಿಮ್ಮ ತಳಿಗೆ ಸರಿಯಾದದ್ದು. ಬೇರೆಯವರ ಪ್ರಬಂಧದಲ್ಲಿರುವ ಸಂಖ್ಯೆ ಅವರ ನಾಲೆಯ ಅಳತೆಗೆ ಸೇರಿದ್ದು.

ವೋಲ್ಟೇಜ್ ಗೊತ್ತಾದ ಮೇಲೆ ಡಿಎನ್‌ಎ ಹಾಕಿದ ಮಾದರಿ. ನಿಮಿಷಕ್ಕೆ 10 ಲಕ್ಷ ಕೋಶ ದಾಟುತ್ತದೆ. 20 ನಿಮಿಷಕ್ಕೆ 2 ಕೋಟಿ. ಪ್ರತಿ ಐದು ನಿಮಿಷಕ್ಕೊಮ್ಮೆ ಬಾವಿಯಿಂದ 50 ಮೈಕ್ರೋಲೀಟರ್ ತೆಗೆದು, 60 ಮಿಲಿಮೋಲಾರ್ ಸುಕ್ರೋಸ್ ಸೇರಿಸಿದ ಟಿಎಪಿಗೆ ಮೆಲ್ಲಗೆ ಬಿಡಿ. ಬಾವಿಗೆ ಪಿಪೆಟ್ ಹಾಕುವ ಮೊದಲು ಪ್ರತಿ ಸಲ, ತಪ್ಪದೆ, ಸಪ್ಲೈ ಆರಿಸಬೇಕು. ಹೈ ವೋಲ್ಟೇಜ್ ಇರುವುದು ಆ ಬಾವಿಯಲ್ಲೇ. ಬಾವಿಗೆ ನೇರವಾಗಿ ಟಿಎಪಿ ಹಾಕಿಟ್ಟರೆ ಕೆಲಸ ಉಳಿಯುತ್ತದಲ್ಲ ಎನ್ನಬಹುದು. ಟಿಎಪಿಯಲ್ಲಿ ಕ್ಲೋರೈಡ್ ಇದೆ, ಪಾಸಿಟಿವ್ ಎಲೆಕ್ಟ್ರೋಡಿನಲ್ಲಿ ಅದರಿಂದ ಕ್ಲೋರಿನ್ ಹುಟ್ಟುತ್ತದೆ. ಈಗಷ್ಟೇ ರಂಧ್ರ ಬಿದ್ದ ಕೋಶಕ್ಕೆ ಅದು ಬೇಡ.

ಚೇತರಿಕೆ ಮತ್ತು ತಟ್ಟೆ

ಮಂದ ಬೆಳಕಿನಲ್ಲಿ, ಮೆಲ್ಲಗೆ ಅಲುಗಾಡಿಸುತ್ತ 18ರಿಂದ 24 ಗಂಟೆ ಬಿಡಿ. ಅವಸರದಿಂದ ಅಂದೇ ಆಂಟಿಬಯೋಟಿಕ್ ತಟ್ಟೆಗೆ ಹಾಕಿದರೆ ಹೊಸ ಜೀನ್ ಕೆಲಸ ಶುರುಮಾಡುವ ಮೊದಲೇ ಕೋಶ ಸಾಯುತ್ತದೆ.

ಟಿಎಪಿ ಅಗರ್ ಶೇ. 1.5, ಪ್ಯಾರೊಮೊಮೈಸಿನ್ ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ. ನಿಮ್ಮ ತಳಿಗೆ ಎಷ್ಟು ಬೇಕೆಂದು ಮುಂಚೆಯೇ ನೋಡಿಟ್ಟುಕೊಳ್ಳಿ. ಮಳೆಗಾಲದಲ್ಲಿ ತಟ್ಟೆಗಳನ್ನು ಲ್ಯಾಮಿನಾರ್‌ನಲ್ಲಿ ಮುಚ್ಚಳ ಸರಿಸಿ ಚೆನ್ನಾಗಿ ಒಣಗಿಸಿ. ಮೇಲೆ ನೀರಿನ ಪಸೆ ಇದ್ದರೆ ಈಜುವ ಕೋಶ ತಟ್ಟೆಯೆಲ್ಲ ಹರಡಿ, ಕಾಲೊನಿ ಬಿಡಿಬಿಡಿಯಾಗಿ ಬರುವುದಿಲ್ಲ. ಗೋಡೆಯಿಲ್ಲದ ಕೋಶವನ್ನು ಗಾಜಿನ ಕಡ್ಡಿಯಿಂದ ಉಜ್ಜಬೇಡಿ. ಜೋಳದ ಪಿಷ್ಟವನ್ನು ನೀರು, ಎಥನಾಲ್ ಎರಡರಲ್ಲೂ ತೊಳೆದು ಎಥನಾಲಿನಲ್ಲೇ ಇಟ್ಟುಕೊಂಡು, ಬಳಸುವಾಗ ಟಿಎಪಿಯಲ್ಲಿ ತೊಳೆದು ಕೋಶಕ್ಕೆ ಬೆರೆಸಿ ತಟ್ಟೆಯ ಮೇಲೆ ಸುರಿದು ಓಲಾಡಿಸಿದರೆ ಸಾಕು. ಪಿಷ್ಟಕ್ಕೆ ಶಿವಮೊಗ್ಗದ ಗಾಂಧಿಬಜಾರಿನ ಕಾರ್ನ್‌ಫ್ಲೋರ್ ಸಾಕಾಗುತ್ತದೆ, ತೊಳೆಯುವುದರಲ್ಲಿ ಮಾತ್ರ ಜಿಪುಣತನ ಬೇಡ. ತಟ್ಟೆಗೆ ಪ್ಯಾರಾಫಿಲ್ಮ್ ಸುತ್ತಿ ಬೆಳಕಿನಲ್ಲಿಡಿ. ಒಂದು ವಾರದಿಂದ ಹತ್ತು ದಿನದಲ್ಲಿ ಹಸಿರು ಚುಕ್ಕೆಗಳು ಕಾಣಬೇಕು. ಅದಕ್ಕೂ ಮೊದಲು ಬಿಳಿಯ ನೂಲು ಕಂಡರೆ ಅದು ಬೂಷ್ಟು.

ಜೊತೆಗೆ ಮೂರು ಹೋಲಿಕೆ ತಟ್ಟೆ ಇರಲೇಬೇಕು. ವೋಲ್ಟೇಜ್ ಕೊಟ್ಟು ಡಿಎನ್‌ಎ ಹಾಕದ್ದು: ಇದರಲ್ಲಿ ಏನೂ ಬೆಳೆಯಬಾರದು. ಡಿಎನ್‌ಎ ಹಾಕಿ ವೋಲ್ಟೇಜ್ ಇಲ್ಲದೆ ಅದೇ ನಾಲೆಯಲ್ಲಿ ಹಾಯಿಸಿದ್ದು: ಇಕ್ಕಟ್ಟಿನಲ್ಲಿ ನುಗ್ಗುವ ಒತ್ತಡಕ್ಕೇ ಗೋಡೆಯಿಲ್ಲದ ಕೋಶ ಒಂದಿಷ್ಟು ಡಿಎನ್‌ಎ ಒಳಗೆ ಬಿಟ್ಟುಕೊಳ್ಳಬಹುದು, ಗಾಜಿನ ಮಣಿಯ ವಿಧಾನ ನಿಂತಿರುವುದೂ ಇಂಥ ಪೆಟ್ಟಿನ ಮೇಲೆಯೇ. ಈ ತಟ್ಟೆಯಲ್ಲೂ ಸಮಸಮ ಕಾಲೊನಿ ಬಂದರೆ ನಿಮ್ಮ ವಿದ್ಯುತ್ತಿನ ಪಾಲು ಏನೂ ಇಲ್ಲ. ಮೂರನೆಯದು, ವೋಲ್ಟೇಜ್ ಕೊಟ್ಟ ಕೋಶವನ್ನು ತೆಳು ಮಾಡಿ ಆಂಟಿಬಯೋಟಿಕ್ ಇಲ್ಲದ ತಟ್ಟೆಗೆ. ಎಷ್ಟು ಬದುಕಿದವು ಎಂಬ ಎಣಿಕೆ ಇಲ್ಲಿಂದಲೇ ಬರಬೇಕು. ಎರಡನೆಯ ತಟ್ಟೆಯನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ, ವರದಿ ಓದುವಾಗ ನಾನು ಮೊದಲು ಹುಡುಕುವುದು ಅದನ್ನೇ.

ಬಂದ ಕಾಲೊನಿ ನಿಜವೇ?

ಪ್ರತಿ ಕಾಲೊನಿಯನ್ನೂ ಹೊಸ ಆಂಟಿಬಯೋಟಿಕ್ ತಟ್ಟೆಗೆ ಎರಡು ಸಲ ಎಳೆದು ಬೆಳೆಸಿ, ಆಮೇಲೆ ಪಿಸಿಆರ್. ಕ್ಲಾಮಿಡೊಮೊನಾಸ್ ಜೀನೋಮಿನಲ್ಲಿ ಡಿಎನ್‌ಎಯ ನಾಲ್ಕು ಅಕ್ಷರಗಳ ಪೈಕಿ ಜಿ ಮತ್ತು ಸಿ ಸೇರಿ ಶೇ. 64ರಷ್ಟಿದೆ, ಸಾಮಾನ್ಯ ಪಿಸಿಆರ್ ಮಿಶ್ರಣ ಇಲ್ಲಿ ಮುಗ್ಗರಿಸುತ್ತದೆ. ಡಿಎಂಎಸ್‌ಒ ಅಥವಾ ಬೀಟೇನ್ ಸೇರಿಸಿ. ಆಂಟಿಬಯೋಟಿಕ್ ಜೀನ್ ಸಿಕ್ಕಿತೆಂದು ನಿಲ್ಲಿಸಬೇಡಿ, ನಿಮಗೆ ಬೇಕಾದ ಜೀನಿನ ಎರಡು ತುದಿಗೂ ಪ್ರೈಮರ್ ಹಾಕಿ ನೋಡಿ. ಒಳಗೆ ಹೋಗುವಾಗ ಎಳೆ ತುಂಡಾಗಿ ಗುರುತಿನ ಜೀನ್ ಮಾತ್ರ ಸೇರಿಕೊಂಡಿರುವುದು ಹೊಸದೇನಲ್ಲ.

ಈ ಪಾಚಿಯ ಕೋಶಕೇಂದ್ರದಲ್ಲಿ ಹೊರಗಿನ ಡಿಎನ್‌ಎ ಸಿಕ್ಕಸಿಕ್ಕ ಜಾಗದಲ್ಲಿ ಸೇರುತ್ತದೆ. ಹಾಗಾಗಿ ಒಂದು ಕಾಲೊನಿಯಲ್ಲಿ ಪ್ರೋಟೀನ್ ಧಾರಾಳವಾಗಿ ಬಂದು ಪಕ್ಕದ್ದರಲ್ಲಿ ಏನೂ ಬರದಿರಬಹುದು. ಎರಡು ಮೂರು ಕಾಲೊನಿ ನೋಡಿ ತೀರ್ಮಾನಕ್ಕೆ ಬರುವುದು ಸರಿಯಲ್ಲ, ಕೆಲವು ಡಜನ್ ನೋಡಿ. ಚೆನ್ನಾಗಿ ಕೆಲಸ ಮಾಡುತ್ತಿದ್ದ ಜೀನ್ ಕೆಲವು ವಾರಗಳ ನಂತರ ಸದ್ದಿಲ್ಲದೆ ನಿಂತುಹೋಗುವುದೂ ಉಂಟು. ಒಳ್ಳೆಯ ಕಾಲೊನಿಗಳನ್ನು ಟಿಎಪಿ ಅಗರಿನ ಓರೆ ನಳಿಕೆಗಳಲ್ಲಿ ಮಂದ ಬೆಳಕಿನಲ್ಲಿಟ್ಟು ತಿಂಗಳು ಎರಡು ತಿಂಗಳಿಗೊಮ್ಮೆ ಹೊಸದಕ್ಕೆ ದಾಟಿಸಿ, ದಾಟಿಸಿದಾಗಲೆಲ್ಲ ಒಂದು ಎಳೆಯನ್ನು ಆಂಟಿಬಯೋಟಿಕ್ ತಟ್ಟೆಯ ಮೇಲೂ ಎಳೆದು ನೋಡಿ. ನಳಿಕೆಯ ಚೀಟಿಯ ಮೇಲೆ ತಳಿ, ಪ್ಲಾಸ್ಮಿಡ್, ವೋಲ್ಟೇಜ್, ಅಂದಿನ ವಾಹಕತೆ, ತಾರೀಖು ಇಷ್ಟನ್ನೂ ಬರೆಯಿರಿ, ಪೆನ್ಸಿಲ್ಲಿನಲ್ಲಿ. ಆಷಾಢದ ತೇವಕ್ಕೆ ಮಾರ್ಕರಿನ ಶಾಯಿ ಉಳಿಯುವುದಿಲ್ಲ.